ಮನಾಲಿ–ಲೇಹ್ ಗುಂಪು ಬೈಕ್ ಪ್ರಯಾಣ: ಹಣ ಕಟ್ಟುವ ಮೊದಲು ರಾತ್ರಿ ಮಲಗುವ ಜಾಗಗಳ ಎತ್ತರ ನೋಡಿ

ತೋಟಕ್ಕೆ ಎರಡನೆಯ ಸಲ ಕೊಳೆರೋಗದ ಔಷಧಿ ಹೊಡೆಸಿ ಮುಗಿದಿರುತ್ತದೆ, ಅಡಿಕೆ ಗೊನೆಯ ಕೊಯ್ಲಿಗೆ ಇನ್ನೂ ಸಮಯವಿರುತ್ತದೆ. ಅಡಿಕೆ ಬೆಳೆಯುವವರು ಹತ್ತು ದಿನ ಮನೆ ಬಿಟ್ಟು ಹೊರಡಬಹುದಾದ ಬಿಡುವು ಸೆಪ್ಟೆಂಬರಿನ ಈ ಮೊದಲ ಭಾಗದಲ್ಲಿ ಮಾತ್ರ ಸಿಗುತ್ತದೆ. ಕಳೆದ ಸಲದ ಆ ಬಿಡುವಿನಲ್ಲಿ ತೀರ್ಥಹಳ್ಳಿ, ಸಾಗರ ಮತ್ತು ಶಿವಮೊಗ್ಗದ ನಾವು ಆರು ಮಂದಿ, ಬೆಂಗಳೂರಿನಲ್ಲಿ ಕಚೇರಿ ಇರುವ ಒಂದು ಪ್ರವಾಸ ಸಂಸ್ಥೆಯ ಮೂಲಕ ಮನಾಲಿಯಿಂದ ಲೇಹ್‌ಗೆ, ಅಲ್ಲಿಂದ ನುಬ್ರಾ ಕಣಿವೆ ಮತ್ತು ಪಾಂಗಾಂಗ್ ಸರೋವರಕ್ಕೆ ಬೈಕಿನಲ್ಲಿ ಹೋಗಿಬಂದೆವು. ಊರಿಗೆ ಮರಳಿದ ಮೇಲೆ ನಮ್ಮ ಕಡೆಯ ಹಲವರು "ಆ ಸಂಸ್ಥೆ ಹೇಗಿದೆ, ಹಣ ಕಟ್ಟಬಹುದೇ" ಎಂದು ಕೇಳುತ್ತಲೇ ಇದ್ದಾರೆ. ಒಬ್ಬೊಬ್ಬರಿಗೆ ಒಂದೊಂದು ತುಂಡು ಹೇಳುವುದಕ್ಕಿಂತ ಕಂಡದ್ದನ್ನೆಲ್ಲ ಒಂದೇ ಕಡೆ ಬರೆದಿಡುವುದು ಮೇಲೆನಿಸಿತು. ನಮ್ಮ ದೂರುಗಳನ್ನು ಸಂಸ್ಥೆಗೆ ನೇರವಾಗಿ ಬರೆದು ಕಳಿಸಿದ್ದೇವೆ, ಅವರು ಓದಿ ಉತ್ತರವನ್ನೂ ಕೊಟ್ಟಿದ್ದಾರೆ. ಆದ್ದರಿಂದ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಇಂಥ ಪ್ರಯಾಣ ನಡೆಸುವ ಯಾವ ಸಂಸ್ಥೆಯ ದಿನಗಳ ಪಟ್ಟಿಯನ್ನು ಕೈಗೆತ್ತಿಕೊಂಡರೂ ಏನನ್ನು ನೋಡಬೇಕು ಎಂಬುದು ಈ ಬರಹದಿಂದ ತಿಳಿದರೆ ನನ್ನ ಕೆಲಸ ಆಯಿತು.

ತಲಾ 39,000 ರೂಪಾಯಿಗೆ ಎಂಟು ರಾತ್ರಿಯ ವಸತಿ, ಬೆಳಗಿನ ತಿಂಡಿ, ರಾತ್ರಿಯ ಊಟ, ಬಾಡಿಗೆ ಬೈಕ್, ಮುಂದೆ ದಾರಿ ತೋರಿಸುವ ನಾಯಕ, ಹಿಂದೆ ಕಾವಲಿನ ಸವಾರ, ಮೆಕ್ಯಾನಿಕ್ ಮತ್ತು ಸಾಮಾನು ಹೊರುವ ಒಂದು ವಾಹನ ನಮಗೆ ಸಿಗುವುದೆಂದು ಒಪ್ಪಂದವಾಗಿತ್ತು. ಪೆಟ್ರೋಲ್, ಮಧ್ಯಾಹ್ನದ ಊಟ, ಲಡಾಖಿನ ಪರಿಸರ ಶುಲ್ಕ, ಹೋಗಿಬರುವ ವಿಮಾನ ಮತ್ತು ಬಸ್ಸಿನ ಖರ್ಚು ನಮ್ಮದು. ಗುಂಪಿನಲ್ಲಿ ಒಟ್ಟು ಹದಿನಾಲ್ಕು ಬೈಕುಗಳಿದ್ದವು. ನಮ್ಮ ಆರು ಮಂದಿಯಲ್ಲಿ ಮೂವರು ಅಡಿಕೆ ಬೆಳೆಗಾರರು, ಒಬ್ಬರು ಸಾಗರದಲ್ಲಿ ಬ್ಯಾಂಕ್ ಅಧಿಕಾರಿಯಾಗಿರುವ ಮಹಿಳೆ, ಒಬ್ಬರು ಶಿವಮೊಗ್ಗದಲ್ಲಿ ಬಿಡಿಭಾಗಗಳ ಅಂಗಡಿ ನಡೆಸುವವರು. ಆರನೆಯವನು ನನ್ನ ತಂಗಿಯ ಮಗ, ಇಪ್ಪತ್ತಾರರ ಹರೆಯದವನು, ಪ್ರತಿದಿನ ವ್ಯಾಯಾಮ ಮಾಡುವ ಗಟ್ಟಿ ಆಳು.

ಹೊರಡುವ ಮುನ್ನ ಸಂಸ್ಥೆಯವರು ಒಂದು ನಮೂನೆ ಕಳಿಸಿ, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಉಸಿರಾಟದ ತೊಂದರೆ, ಘಾಟಿ ದಾರಿಯಲ್ಲಿ ಬೈಕ್ ಓಡಿಸಿದ ಅನುಭವ ಇತ್ಯಾದಿಗಳನ್ನು ಕೇಳಿದ್ದರು. ಪ್ರಶ್ನೆಗಳು ಸರಿಯಾಗಿಯೇ ಇದ್ದವು, ಆದರೆ ನಾವು ತುಂಬಿ ಕಳಿಸಿದ್ದನ್ನು ಯಾರೂ ಪರಿಶೀಲಿಸಿದಂತೆ ಕಾಣಲಿಲ್ಲ. ಅನುಭವದ ಅಂಕಣದಲ್ಲಿ ನಾವೆಲ್ಲ ಧೈರ್ಯದಿಂದ ಬರೆದಿದ್ದೆವು. ಆಗುಂಬೆ ಘಾಟಿಯ ಹದಿನಾಲ್ಕು ಹೇರ್‌ಪಿನ್ ತಿರುವುಗಳನ್ನು ಆಷಾಢದ ಮಳೆಯಲ್ಲಿ, ಮಂಜಿನಲ್ಲಿ, ಎದುರಿನಿಂದ ಬರುವ ಬಸ್ಸಿನ ಬೆಳಕಷ್ಟೇ ಕಾಣುವ ಹೊತ್ತಿನಲ್ಲಿ ಇಳಿದವರು ನಾವು. ಹುಲಿಕಲ್ ಘಾಟಿಯ ಪಾಚಿಗಟ್ಟಿದ ರಸ್ತೆಯಲ್ಲಿ ಹಿಂದಿನ ಬ್ರೇಕನ್ನು ಎಷ್ಟು ಒತ್ತಬೇಕೆಂಬುದು ನಮ್ಮ ಕಾಲಿಗೆ ಗೊತ್ತು. ಈ ಅಭ್ಯಾಸ ಅಲ್ಲಿ ನಿಜವಾಗಿಯೂ ಉಪಯೋಗಕ್ಕೆ ಬಂತು ಎಂಬುದನ್ನು ಮುಂದೆ ಹೇಳುತ್ತೇನೆ. ಆದರೆ ಒಂದು ಸರಳ ಲೆಕ್ಕ ನಮಗೆ ಆಗ ಹೊಳೆದಿರಲಿಲ್ಲ. ಕರ್ನಾಟಕದ ಅತಿ ಎತ್ತರದ ತುದಿಯಾದ ಮುಳ್ಳಯ್ಯನಗಿರಿ 1,930 ಮೀಟರ್, ನಾವು ಹೊರಟ ಮನಾಲಿ ಪಟ್ಟಣವೇ ಸುಮಾರು 2,050 ಮೀಟರ್. ನಮ್ಮ ರಾಜ್ಯದಲ್ಲಿ ಎಷ್ಟು ಹತ್ತಿದರೂ, ತೆಳು ಗಾಳಿಗೆ ಮೈ ಒಗ್ಗದೆ ಬರುವ ಎತ್ತರದ ಕಾಯಿಲೆ ಕಾಣಿಸಿಕೊಳ್ಳುವ ಮಟ್ಟಕ್ಕೆ ತಲುಪುವುದಿಲ್ಲ, ಏಕೆಂದರೆ ಅದು ಸಾಮಾನ್ಯವಾಗಿ 2,500 ಮೀಟರಿನ ಮೇಲೆ ಶುರುವಾಗುತ್ತದೆ. ಮಲೆನಾಡಿನವರು ಬೆಟ್ಟದವರು ಎಂಬ ನಮ್ಮ ನಂಬಿಕೆಗೆ ಹಿಮಾಲಯದ ಗಾಳಿಯ ಮುಂದೆ ಬೆಲೆಯಿಲ್ಲ, ಮತ್ತು ಅದನ್ನು ನಮಗೆ ಮೊದಲೇ ಹೇಳಬೇಕಾದವರು ಸಂಸ್ಥೆಯವರೇ ಆಗಿದ್ದರು.

ಮನಾಲಿಯಲ್ಲಿ ಬೈಕುಗಳನ್ನು ಒಪ್ಪಿಸಿದ ರೀತಿ ಬಹಳ ಚೆನ್ನಾಗಿತ್ತು. ಎಲ್ಲರಿಗೂ 411 ಸಿಸಿಯ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಕೊಟ್ಟರು. ಮೆಕ್ಯಾನಿಕ್ ಕುಲ್ಲು ಕಡೆಯ ಮಧ್ಯವಯಸ್ಸಿನ ಮಿತಭಾಷಿ. ಅವರು ಪ್ರತಿಯೊಬ್ಬರನ್ನೂ ತಮ್ಮ ತಮ್ಮ ಬೈಕಿನ ಮೇಲೆ ಕೂರಿಸಿ, ಕ್ಲಚ್ ಲಿವರಿನ ಸಡಿಲ, ಬ್ರೇಕ್ ಪ್ಯಾಡಿನ ದಪ್ಪ, ಚೈನಿನ ಬಿಗಿ, ಟೈರಿನ ಗಾಳಿ ನೋಡಿ, ನಾಲ್ಕು ಕಿಲೋಮೀಟರ್ ಓಡಿಸಿ ಬರಲು ಹೇಳಿದರು. ನಮ್ಮ ಅಂಗಡಿಯ ಗೆಳೆಯರು ಎರಡು ಬೈಕುಗಳ ಮುಂದಿನ ಪ್ಯಾಡ್ ಸವೆದಿದೆ ಎಂದಾಗ ಚಕಾರವೆತ್ತದೆ ಅಲ್ಲೇ ಬದಲಿಸಿಕೊಟ್ಟರು. ಬ್ಯಾಂಕ್ ಅಧಿಕಾರಿ ಸಹೋದರಿಗೆ ಸೀಟಿನ ಎತ್ತರದಿಂದ ಎರಡೂ ಕಾಲು ನೆಲಕ್ಕೆ ಪೂರ್ತಿ ಊರುತ್ತಿರಲಿಲ್ಲ. ಹಿಂದಿನ ಸ್ಪ್ರಿಂಗನ್ನು ಸಡಿಲಿಸಿ, ಕಲ್ಲಿನ ದಾರಿಯಲ್ಲಿ ಒಂದೇ ಕಾಲು ಊರಿ ನಿಲ್ಲುವುದನ್ನು ಹೋಟೆಲಿನ ಅಂಗಳದಲ್ಲಿಯೇ ಅರ್ಧ ಗಂಟೆ ಅಭ್ಯಾಸ ಮಾಡಿಸಿದರು. ಸುಮಾರು ಎರಡು ಕ್ವಿಂಟಾಲ್ ತೂಗುವ ಬೈಕನ್ನು ಹಳ್ಳದ ನಡುವೆ ನಿಲ್ಲಿಸಿಕೊಳ್ಳಬೇಕಾದವರಿಗೆ ಆ ಅರ್ಧ ಗಂಟೆಯ ಬೆಲೆ ಎಷ್ಟೆಂದು ಮೂರನೆಯ ದಿನ ತಿಳಿಯಿತು.

ಗುಂಪು ಸಾಗುವ ನಿಯಮವನ್ನು ನಾಯಕರು ಅಂದು ಸಂಜೆ ವಿವರಿಸಿದರು. ಅವರು ಹಾಸನದ ಕಡೆಯವರು, ಕನ್ನಡದಲ್ಲಿಯೂ ಹಿಂದಿಯಲ್ಲಿಯೂ ಎರಡೆರಡು ಸಲ ಹೇಳಿದರು. ನಾಯಕನನ್ನು ಯಾರೂ ಹಿಂದೆ ಹಾಕಬಾರದು, ಕೊನೆಯ ಕಾವಲಿನ ಸವಾರನಿಗಿಂತ ಯಾರೂ ಹಿಂದೆ ಉಳಿಯಬಾರದು, ನಡುವಿನವರಲ್ಲಿ ಪ್ರತಿಯೊಬ್ಬನೂ ತನ್ನ ಹಿಂದಿನವನಿಗೆ ಹೊಣೆ. ಕನ್ನಡಿಯಲ್ಲಿ ಹಿಂದಿನ ಬೈಕ್ ಕಾಣದಿದ್ದರೆ ವೇಗ ತಗ್ಗಿಸಬೇಕು, ಆಗಲೂ ಕಾಣದಿದ್ದರೆ ರಸ್ತೆಯ ಅಂಚಿಗೆ ನಿಲ್ಲಬೇಕು. ಹೀಗೆ ಒಬ್ಬ ನಿಂತರೆ ಅವನ ಮುಂದಿನವನೂ ನಿಲ್ಲುತ್ತಾನೆ, ಕೆಲವು ನಿಮಿಷಗಳಲ್ಲಿ ಸುದ್ದಿ ತಾನಾಗಿಯೇ ನಾಯಕನವರೆಗೆ ಮುಟ್ಟುತ್ತದೆ. ಮೊಬೈಲ್ ಸಿಗ್ನಲ್ ಇಲ್ಲದ ನೂರಾರು ಕಿಲೋಮೀಟರುಗಳಲ್ಲಿ ಇದಕ್ಕಿಂತ ಒಳ್ಳೆಯ ಏರ್ಪಾಡು ನನಗೆ ತೋಚುವುದಿಲ್ಲ. ಹೊರಗಿನ ಪ್ರೀಪೇಯ್ಡ್ ಸಿಮ್ ಲಡಾಖಿನಲ್ಲಿ ಕೆಲಸ ಮಾಡುವುದಿಲ್ಲ, ಪೋಸ್ಟ್‌ಪೇಯ್ಡ್ ಮಾತ್ರ ನಡೆಯುತ್ತದೆ ಎಂಬುದನ್ನು ಅವರು ಎರಡು ವಾರ ಮುಂಚೆಯೇ ತಿಳಿಸಿದ್ದರಿಂದ ನಾವು ಶಿವಮೊಗ್ಗದಲ್ಲಿಯೇ ಬದಲಿಸಿಕೊಂಡು ಹೋಗಿದ್ದೆವು.

ಮೊದಲ ದಿನದ ದಾರಿ ಸುಲಭ. 2020ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ 9.02 ಕಿಲೋಮೀಟರ್ ಉದ್ದದ ಅಟಲ್ ಸುರಂಗ, ರೋಹತಾಂಗ್ ಬೆಟ್ಟದ ದಾಟು ದಾರಿಯನ್ನು ಹತ್ತಿ ಇಳಿಯುವ ಶ್ರಮವನ್ನು ತಪ್ಪಿಸಿ 46 ಕಿಲೋಮೀಟರ್ ದಾರಿಯನ್ನು ಉಳಿಸುತ್ತದೆ. ದಕ್ಷಿಣದ ಬಾಯಿಯಲ್ಲಿ ದೇವದಾರು ಮರಗಳ ಹಸಿರು, ಉತ್ತರದ ಬಾಯಿಯಿಂದ ಹೊರಬಂದರೆ ಲಾಹೌಲಿನ ಬೋಳು ಬೆಟ್ಟ. ಕತ್ತಲೆಯ ಹತ್ತು ನಿಮಿಷದಲ್ಲಿ ದೇಶವೇ ಬದಲಾದಂತೆ ಕಂಡಿತು. ನಮ್ಮ ಕಡೆ ಘಾಟಿ ಇಳಿದು ಕರಾವಳಿ ಮುಟ್ಟಿದಾಗ ಸೆಖೆ ಮೈಗೆ ಹತ್ತುವುದುಂಟು, ಆದರೆ ಹಸಿರು ಕೈಬಿಡುವುದಿಲ್ಲ. ಚಂದ್ರಾ ಮತ್ತು ಭಾಗಾ ನದಿಗಳು ಕೂಡುವ ತಾಂಡಿಯಲ್ಲಿ ಎಲ್ಲರೂ ಟ್ಯಾಂಕ್ ತುಂಬಿಸಿಕೊಂಡೆವು. ಮುಂದೆ ಬಹುದೂರ ಬಂಕ್ ನೆಚ್ಚುವಂತಿಲ್ಲ ಎಂದು ಸಾಮಾನಿನ ವಾಹನದಲ್ಲಿಯೂ ಕ್ಯಾನುಗಳನ್ನು ತುಂಬಿಸಿದರು. ರಾತ್ರಿ ಸುಮಾರು 3,200 ಮೀಟರ್ ಎತ್ತರದ ಜಿಸ್ಪಾದಲ್ಲಿ, ನದಿಯ ದಡದ ಶುಚಿಯಾದ ಹೋಟೆಲಿನಲ್ಲಿ ಉಳಿದೆವು.

ನನ್ನ ಮೊದಲ ಆಕ್ಷೇಪ ಜಿಸ್ಪಾದಿಂದಲೇ ಶುರುವಾಗುತ್ತದೆ. ಊಟಕ್ಕೆ ಕುಳಿತಾಗ ಸಂಸ್ಥೆಯ ಒಬ್ಬ ಸಹಾಯಕರು ಅಸೆಟಜೋಲಮೈಡ್ ಮಾತ್ರೆಗಳನ್ನು, ಅಂದರೆ ಡೈಮಾಕ್ಸ್ ಎಂದು ಎಲ್ಲರೂ ಕರೆಯುವ ಮಾತ್ರೆಯನ್ನು, ಪ್ರಸಾದ ಹಂಚಿದಂತೆ ಕೈಗೆ ಅರ್ಧರ್ಧ ಕೊಡುತ್ತ ಹೋದರು. ಎತ್ತರಕ್ಕೆ ಹೊಂದಿಕೊಳ್ಳಲು ಅದು ನೆರವಾಗುತ್ತದೆ ಎಂಬುದು ನಿಜ. ಆದರೆ ಸಲ್ಫಾ ಔಷಧಿ ಒಗ್ಗದವರು, ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಅದನ್ನು ನುಂಗಬಾರದು, ಮತ್ತು ಅದನ್ನು ಸಾಮಾನ್ಯವಾಗಿ ಹತ್ತುವುದಕ್ಕೆ ಹಿಂದಿನ ದಿನದಿಂದಲೇ ಆರಂಭಿಸಬೇಕು. ನಾವು ತೀರ್ಥಹಳ್ಳಿಯ ನಮ್ಮ ವೈದ್ಯರನ್ನು ಕೇಳಿಕೊಂಡೇ ಹೋಗಿದ್ದೆವು. ಗುಂಪಿನ ಉಳಿದವರಲ್ಲಿ ಮೂವರು ಆ ಮಾತ್ರೆಯ ಹೆಸರನ್ನೇ ಕೇಳಿರಲಿಲ್ಲ. ಮನೆಯಿಂದ ಹೊರಡುವ ಮೊದಲೇ ತಲುಪಬೇಕಾದ ತಿಳುವಳಿಕೆಯನ್ನು ಊಟದ ತಟ್ಟೆಯ ಪಕ್ಕದಲ್ಲಿ ಇಟ್ಟರೆ ಸಾಲದು.

ಮಾರನೆಯ ದಿನ ಬೆಳಿಗ್ಗೆ ಐದೂವರೆಗೆಲ್ಲ ನಮ್ಮನ್ನು ಹೊರಡಿಸಿದರು, ಮತ್ತು ಈ ಆತುರ ಪೂರ್ತಿ ಸರಿಯಾದದ್ದು. ಅಲ್ಲಿನ ಹಳ್ಳಗಳು ನಮ್ಮ ಹಳ್ಳಗಳಂತಲ್ಲ. ಮಲೆನಾಡಿನ ಹಳ್ಳ ಮಳೆ ಬಂದರೆ ತುಂಬುತ್ತದೆ, ಅಲ್ಲಿಯದು ಬಿಸಿಲು ಬಂದರೆ ತುಂಬುತ್ತದೆ. ರಾತ್ರಿಯ ಚಳಿಗೆ ಮೇಲಿನ ಹಿಮ ಗಟ್ಟಿಯಾಗಿ ಬೆಳಿಗ್ಗೆ ನೀರು ಮೊಣಕಾಲಿಗಿಂತ ಕೆಳಗಿರುತ್ತದೆ, ಮಧ್ಯಾಹ್ನದ ಹೊತ್ತಿಗೆ ಅದೇ ಹಳ್ಳ ಬೈಕನ್ನು ಅಡ್ಡ ತಳ್ಳುವಷ್ಟು ಸೊಕ್ಕುತ್ತದೆ. ನಾಯಕರು ಮೊದಲು ತಾವೇ ನೀರಿಗಿಳಿದು ಕೋಲಿನಿಂದ ಆಳ ನೋಡಿ, ಕಲ್ಲುಗಳ ನಡುವಿನ ದಾರಿ ತೋರಿಸಿ, ಒಬ್ಬೊಬ್ಬರನ್ನೇ ದಾಟಿಸಿದರು. ಮೊದಲನೇ ಗೇರಿನಲ್ಲಿ, ಕ್ಲಚ್ ಹಿಡಿಯದೆ, ಎದುರು ದಡದ ಮೇಲೆ ಕಣ್ಣಿಟ್ಟು ಹೋಗಬೇಕೆಂಬುದು ನಮ್ಮ ಆರು ಮಂದಿಗೆ ಹೊಸದಲ್ಲ. ಸಾಮಾನಿನ ಪಟ್ಟಿಯಲ್ಲಿ ದುಬಾರಿ ಸವಾರಿ ಬೂಟುಗಳನ್ನೇ ತರಬೇಕೆಂದು ಬರೆದಿದ್ದರೂ ನಾವು ಮೂವರು ತೋಟಗಾರರು ತೋಟದ ಗಂಬೂಟುಗಳನ್ನೂ ಚೀಲಕ್ಕೆ ಹಾಕಿಕೊಂಡಿದ್ದೆವು. ಆ ದಿನ ಸಂಜೆಗೆ ಕಾಲು ಒಣಗಿದ್ದವರು ನಾವು ಮಾತ್ರ. ಒದ್ದೆ ಕಾಲುಚೀಲದಲ್ಲಿ 4,890 ಮೀಟರಿನ ಬಾರಾಲಾಚಾ ಲಾ ದಾಟುವುದು ಎಂಥ ಸಂಕಟವೆಂದು ಉಳಿದವರ ಮುಖ ನೋಡಿ ತಿಳಿದುಕೊಂಡೆವು. ಹಳ್ಳ ದಾಟುವಾಗ ಗಂಬೂಟು, ಉಳಿದ ದಾರಿಗೆ ಗಟ್ಟಿ ಬೂಟು ಎಂದು ಸಂಸ್ಥೆಯವರು ಪಟ್ಟಿಯನ್ನು ತಿದ್ದಬೇಕು.

ಲಾ ಎಂದರೆ ಎರಡು ಬೆಟ್ಟಗಳ ನಡುವಿನ ದಾಟು ದಾರಿಯ ನೆತ್ತಿ. ಬಾರಾಲಾಚಾದ ನೆತ್ತಿಯಲ್ಲಿ ಬೈಕಿಗೂ ದಮ್ಮು ಕಟ್ಟಿತ್ತು. ಗಾಳಿ ತೆಳುವಾದಷ್ಟೂ ಎಂಜಿನ್ನಿಗೆ ಸಿಗುವ ಆಮ್ಲಜನಕ ಕಡಿಮೆಯಾಗುತ್ತದೆ. ಹಳೆಯ ಕಾರ್ಬುರೇಟರ್ ಬೈಕುಗಳಲ್ಲಿ ಪೆಟ್ರೋಲ್ ಹೆಚ್ಚಾಗಿ ಕಪ್ಪು ಹೊಗೆ ಬರುತ್ತದೆ. ಇಂಧನ ಇಂಜೆಕ್ಷನ್ ಇರುವ ಬೈಕುಗಳು ಪೆಟ್ರೋಲನ್ನು ತಾವೇ ತಗ್ಗಿಸಿಕೊಳ್ಳುತ್ತವೆ, ಆದರೆ ಕಳೆದುಹೋದ ಶಕ್ತಿಯನ್ನು ಮರಳಿ ತರಲಾರವು. ಆಕ್ಸಿಲರೇಟರ್ ಪೂರ್ತಿ ತಿರುವಿದರೂ ಎರಡನೇ ಗೇರಿನಲ್ಲಿ ತೆವಳುವ ಬೈಕನ್ನು ಕಂಡು ಗಾಬರಿಯಾಗಿ ಅರ್ಧ ಕ್ಲಚ್ಚಿನಲ್ಲಿ ಎಳೆದರೆ ಕ್ಲಚ್ ಪ್ಲೇಟ್ ಸುಡುತ್ತದೆ. ನಮ್ಮ ಗುಂಪಿನಲ್ಲಿ ಬೆಂಗಳೂರಿನ ಒಬ್ಬರಿಗೆ ಹಾಗೆಯೇ ಆಯಿತು. ಮೆಕ್ಯಾನಿಕ್ ಆ ಕೊರೆಯುವ ಗಾಳಿಯಲ್ಲಿ, ರಸ್ತೆಯ ಅಂಚಿನಲ್ಲಿ ಕುಳಿತು, ಒಂದೂವರೆ ಗಂಟೆಯಲ್ಲಿ ಪ್ಲೇಟುಗಳನ್ನು ಬದಲಿಸಿದರು. ಅಷ್ಟು ಹೊತ್ತೂ ಕಾವಲಿನ ಸವಾರ ಆ ಬೈಕ್ ಓಡಿಸುತ್ತಿದ್ದವರ ಪಕ್ಕದಲ್ಲಿ ನಿಂತು ಬಿಸಿನೀರು ಕುಡಿಸುತ್ತ ಮಾತನಾಡಿಸುತ್ತಿದ್ದರು. ಒಂದು ಸಂಸ್ಥೆಯ ನಿಜವಾದ ಯೋಗ್ಯತೆ ಹೀಗೆ ಗುಂಪಿನ ಕೊನೆಯಲ್ಲಿ ಕಾಣುತ್ತದೆ. ಇಡೀ ಪ್ರಯಾಣದಲ್ಲಿ ಇವರಿಬ್ಬರು ಮಾಡಿದ ಕೆಲಸಕ್ಕೆ ನಾವು ಎಷ್ಟು ಕೃತಜ್ಞರಾಗಿದ್ದರೂ ಕಡಿಮೆಯೇ.

ಸಂಜೆ ನಾಲ್ಕರ ಹೊತ್ತಿಗೆ ಸರ್ಚುವಿನ ಬಯಲಿನ ಡೇರೆಗಳನ್ನು ಸೇರಿದೆವು. ಎತ್ತರ ಸುಮಾರು 4,290 ಮೀಟರ್. ಹಿಂದಿನ ರಾತ್ರಿ ಮಲಗಿದ ಜಾಗಕ್ಕಿಂತ ಇದು ಒಂದು ಸಾವಿರ ಮೀಟರಿಗೂ ಹೆಚ್ಚು ಮೇಲೆ. 3,000 ಮೀಟರ್ ದಾಟಿದ ನಂತರ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು ಎಂಬುದು ಎತ್ತರದ ಕಾಯಿಲೆಯನ್ನು ಬಲ್ಲ ವೈದ್ಯರು ಸಾಮಾನ್ಯವಾಗಿ ಹೇಳುವ ಲೆಕ್ಕ. ಹಗಲಿನಲ್ಲಿ ಎಷ್ಟು ಎತ್ತರ ಹತ್ತಿ ಇಳಿದೆ ಎಂಬುದಕ್ಕಿಂತ ರಾತ್ರಿ ಎಲ್ಲಿ ತಲೆಯಿಟ್ಟೆ ಎಂಬುದು ಮುಖ್ಯ, ಏಕೆಂದರೆ ನಿದ್ದೆಯಲ್ಲಿ ಉಸಿರಾಟ ಇನ್ನಷ್ಟು ತಗ್ಗುತ್ತದೆ. ಅಲ್ಲಿ ನೀರು ಸುಮಾರು 86 ಡಿಗ್ರಿಯಲ್ಲಿಯೇ ಕುದಿಯುವುದರಿಂದ ಅನ್ನ ಬೇಯಲು ಕುಕ್ಕರ್ ಬೇಕೇ ಬೇಕು. ಅಡುಗೆಯವರು ಬಿಸಿ ಅನ್ನ ಮತ್ತು ಬೇಳೆಯನ್ನು ಪ್ರೀತಿಯಿಂದಲೇ ಬಡಿಸಿದರು, ನಾವು ಅಪ್ಪೆಮಿಡಿ ಉಪ್ಪಿನಕಾಯಿಯ ಡಬ್ಬಿ ತೆಗೆದೆವು. ಆದರೆ ನನ್ನ ತಂಗಿಯ ಮಗ ಎರಡು ತುತ್ತಿಗೇ ಎದ್ದ.

"ಏನಾಯ್ತೋ?" ಎಂದು ಕೇಳಿದೆ.

"ಏನಿಲ್ಲ ಮಾವ, ಸ್ವಲ್ಪ ತಲೆ ಭಾರ ಅಷ್ಟೇ, ಮಲಗಿದರೆ ಸರಿಹೋಗುತ್ತೆ" ಎಂದ.

ಹನ್ನೊಂದು ಗಂಟೆಗೆ ವಾಂತಿ ಶುರುವಾಯಿತು. ನಾಯಕರನ್ನು ಎಬ್ಬಿಸಿದೆವು. ಅವರು ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ ರಕ್ತದ ಆಮ್ಲಜನಕದ ಪ್ರಮಾಣ ನೋಡಿದಾಗ ನಮ್ಮೆಲ್ಲರದು ಶೇಕಡಾ ಎಂಬತ್ತರ ಮೇಲಿದ್ದರೆ ಅವನದು 68 ತೋರಿಸಿತು. ಆ ಮೇಲೆ ಅವನನ್ನು ಎಬ್ಬಿಸಿ, ನೆಲದ ಮೇಲೆ ಒಂದು ಗೆರೆ ಎಳೆದು, ಹೆಜ್ಜೆಗೆ ಹೆಜ್ಜೆ ತಾಗಿಸಿ ನೇರ ನಡೆಯಲು ಹೇಳಿದರು. ಮೆದುಳಿನಲ್ಲಿ ನೀರು ತುಂಬತೊಡಗಿದ್ದರೆ ಮನುಷ್ಯ ಕುಡಿದವರಂತೆ ತೂರಾಡುತ್ತಾನಂತೆ. ಅವನು ನೇರ ನಡೆದ. ಆ ನಾಲ್ಕಾರು ಹೆಜ್ಜೆಗಳನ್ನು ನೋಡುತ್ತ ನಿಂತ ಹೊತ್ತಿನಲ್ಲಿ ನನಗೆ ತೀರ್ಥಹಳ್ಳಿಯ ಮನೆಯಲ್ಲಿ ನಿಶ್ಚಿಂತೆಯಿಂದ ಮಲಗಿರಬಹುದಾದ ತಂಗಿಯ ನೆನಪೊಂದೇ. ಸಿಲಿಂಡರಿನಿಂದ ಆಮ್ಲಜನಕ ಕೊಡಲು ಆರಂಭಿಸಿದರು, ಇಡೀ ರಾತ್ರಿ ಹದಿನೈದು ನಿಮಿಷಕ್ಕೊಮ್ಮೆ ನೋಡಿ ಪುಸ್ತಕದಲ್ಲಿ ಬರೆದುಕೊಂಡರು. ದೇಹ ಗಟ್ಟಿಯಿದ್ದವರಿಗೆ ಈ ಕಾಯಿಲೆ ಬರುವುದಿಲ್ಲ ಎಂಬುದು ತಪ್ಪು ತಿಳುವಳಿಕೆ, ಗಟ್ಟಿಯಿದ್ದವರು ಬೇಗ ಹೇಳಿಕೊಳ್ಳುವುದೂ ಇಲ್ಲ ಎಂದು ಅವರು ಹೇಳಿದ್ದು ನನ್ನ ಮನಸ್ಸಿನಲ್ಲಿ ನಿಂತಿದೆ.

ಎತ್ತರದ ಕಾಯಿಲೆಗೆ ನೆಚ್ಚಬಹುದಾದ ಮದ್ದೆಂದರೆ ಕೆಳಗಿಳಿಯುವುದು. ಆದರೆ ಸರ್ಚುವಿನಿಂದ ಇಳಿಯಬೇಕೆಂದರೆ ಮೊದಲು ಹತ್ತಬೇಕು. ದಕ್ಷಿಣಕ್ಕೆ ಹೋದರೆ ಈಗಷ್ಟೇ ದಾಟಿ ಬಂದ ಬಾರಾಲಾಚಾ. ಉತ್ತರಕ್ಕೆ ಹೋದರೆ ಗಾಟಾ ಲೂಪ್ಸ್‌ನ ಇಪ್ಪತ್ತೊಂದು ತಿರುವುಗಳು, ನಕೀ ಲಾ, 5,059 ಮೀಟರಿನ ಲಾಚುಂಗ್ ಲಾ, ಅದರಾಚೆ ಸುಮಾರು 4,600 ಮೀಟರಿನ ಪಾಂಗ್, ಕೊನೆಗೆ 5,328 ಮೀಟರಿನ ತಂಗ್ಲಾಂಗ್ ಲಾ. ಇಷ್ಟೂ ಆದ ಮೇಲೆ ಲೇಹ್. ಎರಡೂ ಕಡೆ ಬಾಗಿಲು ಎತ್ತರದಲ್ಲಿರುವ ಬಟ್ಟಲಿನಂಥ ಜಾಗ ಅದು. ಎತ್ತರಕ್ಕೆ ಒಗ್ಗದ ಹದಿನಾಲ್ಕು ಮಂದಿಯನ್ನು ಮನಾಲಿ ಬಿಟ್ಟ ಎರಡನೆಯ ರಾತ್ರಿಯೇ ಅಂಥ ಜಾಗದಲ್ಲಿ ಮಲಗಿಸುವ ಪಟ್ಟಿಯನ್ನು, ಈ ದಾರಿಯನ್ನು ವರ್ಷಗಟ್ಟಲೆ ಬಲ್ಲ ಸಂಸ್ಥೆಯೊಂದು ಹೇಗೆ ಮಾಡಿತು ಎಂಬ ಪ್ರಶ್ನೆಗೆ ನನಗೆ ಸಮಾಧಾನಕರ ಉತ್ತರ ಸಿಕ್ಕಿಲ್ಲ. ಹಲವು ಸಂಸ್ಥೆಗಳು ಹೀಗೆಯೇ ಮಾಡುತ್ತವೆ ಎಂಬುದು ಉತ್ತರವಲ್ಲ.

ನಸುಕಿನ ನಾಲ್ಕು ಗಂಟೆಗೆ ನಾಯಕರು ತೀರ್ಮಾನ ತೆಗೆದುಕೊಂಡರು. ಡೇರೆಯ ಮಾಲೀಕರ ಜೀಪನ್ನು ಸಂಸ್ಥೆಯ ಖರ್ಚಿನಲ್ಲಿ ಗೊತ್ತುಮಾಡಿ, ಆಮ್ಲಜನಕದ ಸಿಲಿಂಡರ್ ಸಮೇತ ಅವನನ್ನು ಬಾರಾಲಾಚಾ ದಾಟಿಸಿ ಕೇಲಾಂಗಿನ ಆಸ್ಪತ್ರೆಗೆ ಕಳಿಸಿದರು. ಸಾಮಾನಿನ ವಾಹನವನ್ನು ಗುಂಪಿನಿಂದ ಅಗಲಿಸಿದರೆ ಉಳಿದ ಹದಿಮೂರು ಮಂದಿಗೆ ಮುಂದಿನ ದಾರಿಯಲ್ಲಿ ಆಸರೆ ಇರುವುದಿಲ್ಲ ಎಂದು ಯೋಚಿಸಿ ಬೇರೆ ಜೀಪು ಹುಡುಕಿದ್ದು ಅವರ ಅನುಭವದ ಫಲ. ಅವನ ಜೊತೆ ಹೋಗಲು ನಾನು ಹೊರಟಾಗ ನಮ್ಮ ಅಂಗಡಿಯ ಗೆಳೆಯರು ತಡೆದರು. "ನೀವು ಮುಂದೆ ಹೋಗಿ, ನಾನು ಈ ಹಿಂದೆ ಒಂದು ಸಲ ಲೇಹ್ ನೋಡಿದ್ದೇನೆ, ಹುಡುಗನನ್ನು ನಾನು ನೋಡಿಕೊಳ್ಳುತ್ತೇನೆ" ಎಂದು ಹೇಳಿ ಜೀಪು ಹತ್ತಿದರು. ಇಂಥ ಗೆಳೆತನಕ್ಕೆ ಪದಗಳಲ್ಲಿ ಋಣ ತೀರಿಸಲಾಗದು. ಜಿಸ್ಪಾ ದಾಟುವ ಹೊತ್ತಿಗೇ ಅವನಿಗೆ ತಲೆನೋವು ಇಳಿದಿತ್ತಂತೆ. ಕೇಲಾಂಗಿನಲ್ಲಿ ಒಂದು ದಿನ, ಮನಾಲಿಯಲ್ಲಿ ಎರಡು ದಿನ ವಿಶ್ರಾಂತಿ ಪಡೆದು ಇಬ್ಬರೂ ಊರಿಗೆ ಮರಳಿದರು. ಅವರಿಬ್ಬರು ಉಳಿಯದ ರಾತ್ರಿಗಳ ವಸತಿ ಮತ್ತು ಊಟದ ಹಣವನ್ನು ಸಂಸ್ಥೆ ನಾವು ಕೇಳುವ ಮೊದಲೇ ಹಿಂದಿರುಗಿಸಿತು. ಆ ರಾತ್ರಿ ಅವರು ಹೊತ್ತ ಹೊಣೆಯನ್ನು ನಾನು ಎಲ್ಲಿ ಬೇಕಾದರೂ ನಿಂತು ಹೊಗಳುತ್ತೇನೆ. ಆದರೆ ಅಂಥ ರಾತ್ರಿಗೆ ದಾರಿ ಮಾಡಿಕೊಟ್ಟದ್ದು ಅವರದೇ ದಿನಗಳ ಪಟ್ಟಿ ಎಂಬುದನ್ನೂ ಅಲ್ಲಿಯೇ ನಿಂತು ಹೇಳಬೇಕಾಗುತ್ತದೆ.

ಗಾಟಾ ಲೂಪ್ಸ್ ಹತ್ತುವಾಗ ನಮ್ಮ ಮಲೆನಾಡಿನ ಅಭ್ಯಾಸ ಕೆಲಸಕ್ಕೆ ಬಂತು. ತಿರುವಿಗೆ ಮುಂಚೆಯೇ ಗೇರ್ ಇಳಿಸುವುದು, ಹಾರನ್ ಮಾಡಿ ಎಡ ಅಂಚು ಬಿಡದಿರುವುದು, ಹತ್ತುವ ಲಾರಿಗೆ ದಾರಿ ಬಿಟ್ಟು ನಿಲ್ಲುವುದು ಇವೆಲ್ಲ ನಮಗೆ ಹೇಳಿಕೊಡಬೇಕಾಗಿರಲಿಲ್ಲ. ನಾಯಕರು ಬ್ಯಾಂಕ್ ಅಧಿಕಾರಿ ಸಹೋದರಿಯನ್ನು ತಮ್ಮ ಹಿಂದೆಯೇ ಎರಡನೆಯ ಸ್ಥಾನಕ್ಕೆ ಕರೆದು, ಉಳಿದವರು ಅವರ ವೇಗಕ್ಕೆ ಹೊಂದಿಕೊಂಡು ಬರುವಂತೆ ಮಾಡಿದರು. ಆದರೆ ಸುಮಾರು 250 ಕಿಲೋಮೀಟರಿನ ಆ ದಿನ, ನಿದ್ದೆಗೆಟ್ಟ ಗುಂಪಿಗೆ ತುಂಬ ಉದ್ದವಾಯಿತು. ಮೋರೇ ಬಯಲಿನ ನೇರ ರಸ್ತೆಯಲ್ಲಿ ಇಬ್ಬರಿಗೆ ತೂಕಡಿಕೆ ಬಂದು, ನಾಯಕರು ಎಲ್ಲರನ್ನೂ ಇಳಿಸಿ ಅರ್ಧ ಗಂಟೆ ನಡೆದಾಡಿಸಬೇಕಾಯಿತು. ಲೇಹ್ ತಲುಪಿದಾಗ ರಾತ್ರಿ ಎಂಟೂವರೆ.

ಲೇಹ್‌ನಲ್ಲಿ ಒಂದು ಪೂರ್ತಿ ದಿನ ವಿಶ್ರಾಂತಿ ಕೊಟ್ಟದ್ದು ಸರಿ. ಆ ದಿನವೇ ನಮ್ಮ ಎರಡನೆಯ ದೊಡ್ಡ ದೂರು ಹುಟ್ಟಿತು. ಲಡಾಖಿನ ಹೊರಗೆ ಬಾಡಿಗೆಗೆ ಪಡೆದ ಬೈಕುಗಳನ್ನು ನುಬ್ರಾ, ಪಾಂಗಾಂಗ್ ಕಡೆಗೆ ಒಯ್ಯಲು ಅಲ್ಲಿ ಬೈಕ್ ಬಾಡಿಗೆಗೆ ಕೊಡುವವರು ಬಿಡುವುದಿಲ್ಲ. ವರ್ಷದಲ್ಲಿ ಕೆಲವೇ ತಿಂಗಳು ದುಡಿಯಬಹುದಾದ ಸ್ಥಳೀಯರ ಜೀವನೋಪಾಯದ ಪ್ರಶ್ನೆ ಅದು, ನಾನು ಅದನ್ನು ತಪ್ಪೆನ್ನುವುದಿಲ್ಲ. ಸ್ವಂತ ಬೈಕಿಗೆ ಆ ಅಡ್ಡಿಯಿಲ್ಲ. ಆದರೆ ಬೈಕ್ ಬದಲಾಗುತ್ತದೆ ಎಂಬ ಸಂಗತಿಯನ್ನು ಸಂಸ್ಥೆ ನಮಗೆ ಲೇಹ್‌ನಲ್ಲಿ ತಿಳಿಸಿತು. ಮನಾಲಿಯಲ್ಲಿ ನಮ್ಮ ಮೈಗೆ ಹೊಂದಿಸಿಕೊಂಡಿದ್ದ ಬೈಕುಗಳನ್ನು ಬಿಟ್ಟು, ಅದೇ ಮಾದರಿಯ, ಆದರೆ ಬಹಳ ದಣಿದ ಬೈಕುಗಳನ್ನು ಹತ್ತಬೇಕಾಯಿತು. ನನ್ನ ಪಾಲಿಗೆ ಬಂದದ್ದರ ಹಿಂದಿನ ಬ್ರೇಕ್ ಪ್ಯಾಡ್ ಕಾಗದದಷ್ಟು ತೆಳುವಾಗಿತ್ತು. ಮೆಕ್ಯಾನಿಕ್ ರಾತ್ರಿ ಹತ್ತರವರೆಗೆ ಕುಳಿತು ತಮ್ಮಲ್ಲಿದ್ದ ಬಿಡಿಭಾಗಗಳಿಂದ ಎಲ್ಲವನ್ನೂ ಸರಿಪಡಿಸಿದರು ಎಂಬುದು ಅವರ ದೊಡ್ಡತನ. ಸಂಸ್ಥೆಯ ಪಟ್ಟಿಯಲ್ಲಿ "ಬೈಕ್" ಎಂಬ ಒಂದೇ ಪದದ ಹಿಂದೆ ಎರಡು ಬೇರೆ ಬೈಕುಗಳು ಅಡಗಿದ್ದವು ಎಂಬುದು ಮುಚ್ಚಿಟ್ಟ ಸಂಗತಿಯೇ.

ಖಾರ್ದುಂಗ್ ಲಾದಲ್ಲಿ ನಾಯಕರ ಒಂದು ಗುಣ ನನಗೆ ಬಹಳ ಹಿಡಿಸಿತು. ಆ ನೆತ್ತಿಯ ಎತ್ತರ 18,380 ಅಡಿ ಎಂದು ಬಹುಕಾಲ ಫಲಕದಲ್ಲಿ ಬರೆದಿತ್ತು, ಜಗತ್ತಿನ ಅತಿ ಎತ್ತರದ ರಸ್ತೆಯೆಂದು ಇಂದಿಗೂ ಹಲವರು ಹೇಳಿ ಹಣ ಪಡೆಯುತ್ತಾರೆ. ಸರಿಯಾಗಿ ಅಳೆದರೆ ಅದು 5,359 ಮೀಟರ್, ಅಂದರೆ ಸುಮಾರು 17,580 ಅಡಿ. ಗಡಿ ರಸ್ತೆಗಳ ಸಂಸ್ಥೆ ಆಮೇಲೆ ನಿರ್ಮಿಸಿದ ಉಮ್ಲಿಂಗ್ ಲಾ ರಸ್ತೆ 19,024 ಅಡಿಯಲ್ಲಿದೆ. ನಾಯಕರು ಇದನ್ನು ನಮಗೆ ಬಿಡಿಸಿ ಹೇಳಿ, ಸಮುದ್ರಮಟ್ಟದ ಅರ್ಧದಷ್ಟೇ ಗಾಳಿಯ ಒತ್ತಡ ಇರುವ ಜಾಗದಲ್ಲಿ ಹದಿನೈದು ನಿಮಿಷಕ್ಕಿಂತ ಹೆಚ್ಚು ನಿಲ್ಲಿಸಲಿಲ್ಲ. ಹುಂಡರಿನ ಮರಳು ದಿಬ್ಬ, ಎರಡು ಡುಬ್ಬದ ಒಂಟೆ, ದಿಸ್ಕಿತ್‌ನ ಮೈತ್ರೇಯ ಬುದ್ಧನ ಬೃಹತ್ ಮೂರ್ತಿ, ಶ್ಯೋಕ್ ನದಿಯ ದಂಡೆಯ ಜಲ್ಲಿ ದಾರಿ, ಇವನ್ನೆಲ್ಲ ನೋಡಿದವರು ಬೇಕಾದಷ್ಟು ಬರೆದಿದ್ದಾರೆ. ಪಾಂಗಾಂಗಿನ ನೀಲಿಯ ಮುಂದೆ ನಾವು ನಾಲ್ವರೂ ಮಾತಿಲ್ಲದೆ ಕುಳಿತೆವು. ಅಷ್ಟನ್ನು ಮಾತ್ರ ಹೇಳಬಲ್ಲೆ.

ವಸತಿಗಳಲ್ಲಿ ಲೇಹ್ ಮತ್ತು ಹುಂಡರ್ ಉತ್ತಮ, ಪಾಂಗಾಂಗ್ ಸಾಧಾರಣ. ಸರ್ಚುವಿನಲ್ಲಿ ಹೆಂಗಸರಿಗೆ ಪ್ರತ್ಯೇಕ ಶೌಚಾಲಯ ಇರುತ್ತದೆ ಎಂದು ಹೇಳಿ ಕೊಡದೆ ಹೋದದ್ದು ಗಂಭೀರ ಲೋಪ. ಶೂನ್ಯದ ಕೆಳಗಿನ ಚಳಿಯಲ್ಲಿ, ಕತ್ತಲೆಯಲ್ಲಿ, ನೂರು ಹೆಜ್ಜೆ ನಡೆದು ಹೋಗಬೇಕಾಗಿ ಬಂದ ನಮ್ಮ ಸಹೋದರಿ ಆ ಕಾರಣಕ್ಕೆ ಸಂಜೆಯಿಂದ ನೀರನ್ನೇ ಕುಡಿಯಲಿಲ್ಲ. ಆ ಎತ್ತರದಲ್ಲಿ ನೀರು ಕುಡಿಯದಿರುವುದು ಕಾಯಿಲೆಯನ್ನು ಕರೆದಂತೆ. ಹೆಂಗಸರನ್ನು ಗುಂಪಿಗೆ ಸೇರಿಸಿಕೊಳ್ಳುವವರು ಇದನ್ನು ಸಣ್ಣ ವಿಷಯವೆಂದು ಬದಿಗಿಡಬಾರದು. ಇನ್ನು ವಿಮೆಯ ಬಗ್ಗೆ ಒಂದು ಮಾತು. ಸಂಸ್ಥೆಯವರು ಮಾಡಿಸಿದ ಪತ್ರದಲ್ಲಿ ಎಷ್ಟು ಮೀಟರ್ ಎತ್ತರದವರೆಗೆ ರಕ್ಷಣೆ ಎಂಬ ಮಿತಿ ಇತ್ತು, ಆ ಮಿತಿ ನಾವು ಮಲಗಿದ ಜಾಗಗಳಿಗಿಂತ ಕೆಳಗಿತ್ತು. ಹೊರಡುವವರು ಆ ಸಾಲನ್ನು ಹುಡುಕಿ ಓದಲೇಬೇಕು.

ನಾವು ಸಂಸ್ಥೆಗೆ ಬರೆದ ಪತ್ರದಲ್ಲಿ ಮುಖ್ಯವಾಗಿ ಕೇಳಿದ್ದು ದಾರಿಯನ್ನು ತಿರುಗಿಸಿ ಎಂದು. ಸುಮಾರು 1,585 ಮೀಟರಿನ ಶ್ರೀನಗರದಿಂದ ಹೊರಟು, 3,528 ಮೀಟರಿನ ಜೋಜಿ ಲಾ ದಾಟಿ, ಸುಮಾರು 2,680 ಮೀಟರಿನ ಕಾರ್ಗಿಲ್‌ನಲ್ಲಿ ಉಳಿದು, ಫೋತು ಲಾ ಮೂಲಕ ಸುಮಾರು 3,500 ಮೀಟರಿನ ಲೇಹ್ ಸೇರಿದರೆ, ದಿನಕ್ಕೆ 500 ಮೀಟರ್ ಎಂಬ ಲೆಕ್ಕ ಅಲ್ಲಿಯೂ ಪೂರ್ತಿ ಕೂಡುವುದಿಲ್ಲವಾದರೂ, ಹೊಸಬರು ಮೈ ಒಗ್ಗುವ ಮೊದಲು 3,500 ಮೀಟರಿನ ಮೇಲೆ ಒಂದು ರಾತ್ರಿಯೂ ಮಲಗಬೇಕಾಗುವುದಿಲ್ಲ. ಲೇಹ್‌ನಲ್ಲಿ ಎರಡು ರಾತ್ರಿ, ನುಬ್ರಾದಲ್ಲಿ ಒಂದು ರಾತ್ರಿ ಕಳೆದು ಮೈ ಒಗ್ಗಿದ ಮೇಲೆ ಪಾಂಗಾಂಗ್, ಕೊನೆಗೆ ಸರ್ಚುವಿನ ಮಾರ್ಗವಾಗಿ ಮನಾಲಿಗೆ ಇಳಿದರೆ ಅದೇ ಸರ್ಚು ಒಂದು ಸುಂದರ ಬಯಲಾಗಿ ಕಾಣಬಹುದು. ಎರಡು ದಿನ ಹೆಚ್ಚಾಗುತ್ತದೆ, ಖರ್ಚೂ ಏರುತ್ತದೆ. ಆ ಹೆಚ್ಚಿನ ಹಣವನ್ನು ನಾವು ಸಂತೋಷದಿಂದ ಕೊಡುತ್ತೇವೆ ಎಂದೂ ಬರೆದೆವು.

ಮೂರು ವಾರದ ಬಳಿಕ ಬಂದ ಉತ್ತರದಲ್ಲಿ ಬೈಕ್ ಬದಲಾವಣೆಯ ಸಂಗತಿ, ಶೌಚಾಲಯದ ಲೋಪ ಮತ್ತು ಮಾತ್ರೆ ಹಂಚಿದ ರೀತಿ ಈ ಮೂರನ್ನೂ ಒಪ್ಪಿಕೊಂಡು ಕ್ಷಮೆ ಕೇಳಿದ್ದಾರೆ. ದಾರಿಯ ವಿಷಯದಲ್ಲಿ ಮಾತ್ರ, ಮನಾಲಿಯಿಂದ ಹೊರಡುವ ಪ್ರಯಾಣಕ್ಕೇ ಬೇಡಿಕೆ ಹೆಚ್ಚು, ಶ್ರೀನಗರದ ಗುಂಪನ್ನು ಪ್ರಯೋಗಕ್ಕೆ ಒಂದು ಸಲ ನಡೆಸಿ ನೋಡುತ್ತೇವೆ ಎಂದಿದ್ದಾರೆ. ಆ ಗುಂಪಿನ ದಿನಾಂಕ ಪ್ರಕಟವಾದ ದಿನ ನಾವು ಆರೂ ಮಂದಿಯ ಮುಂಗಡ ಕಟ್ಟುತ್ತೇವೆ. ಅದೇ ನಾಯಕರು, ಅದೇ ಮೆಕ್ಯಾನಿಕ್, ಹಿಂದೆ ಅದೇ ಕಾವಲಿನ ಸವಾರ ಇರಬೇಕೆಂಬುದಷ್ಟೇ ನಮ್ಮ ಷರತ್ತು. ಅಲ್ಲಿಯವರೆಗೆ ಮನಾಲಿಯಿಂದ ಹೊರಡುವ ಅವರ ಈಗಿನ ಪಟ್ಟಿಗೆ ಹಣ ಕಟ್ಟಿ ಎಂದು ನಮ್ಮೂರಿನ ಯಾವ ಹುಡುಗನಿಗೂ ನಾನು ಹೇಳಲಾರೆ.